ಎಂಜಿನ್ನಿಗೆ ಕೆಲಸ ಕೊಡು, ಮಗಾ

ಆ ಎಂಜಿನ್ನನ್ನು ಉಜ್ಜಬೇಡ. ನೀನು ಇನ್ನೂ ಉಜ್ಜಿರಲಾರೆ ಎಂಬ ನಂಬಿಕೆಯ ಮೇಲೆ ಈ ಮಾತಿನಿಂದಲೇ ಶುರು ಮಾಡುತ್ತಿದ್ದೇನೆ.

ನೀನು ಕಳಿಸಿದ ಮೂರು ಫೋಟೋಗಳನ್ನು ನಿನ್ನೆ ರಾತ್ರಿ ನೋಡಿದೆ. ಬೆಂಗಳೂರಿನ ಚಿಕ್ಕಪೇಟೆ ಕಡೆಯ ಭಾನುವಾರದ ಸಂತೆಯಲ್ಲಿ, ಹಳೇ ಟೆಲಿಫೋನು, ಒಡೆದ ಕ್ಯಾಮೆರಾಗಳ ರಾಶಿಯ ನಡುವೆ ಕೂತಿದ್ದ ಆ ಕೆಂಪು ತಳದ ಆಟಿಕೆ ಉಗಿ ಎಂಜಿನ್ ನಿನ್ನ ಕಣ್ಣಿಗೇ ಬಿದ್ದಿತಲ್ಲ, ಅದಕ್ಕೆ ನನಗಾದ ಸಂತೋಷ ಅಷ್ಟಿಷ್ಟಲ್ಲ. ಮಲಗಿದ್ದ ನಿನ್ನ ದೊಡ್ಡಮ್ಮನನ್ನು ಎಬ್ಬಿಸಿ ತೋರಿಸಿದೆ. ಆದರೆ ಫೋಟೋದ ಕೆಳಗೆ, "ಹುಣಸೆಹಣ್ಣು ಹಾಕಿ ತಿಕ್ಕಿದರೆ ಫಳಫಳ ಹೊಳೆಯುತ್ತೆ ಅಲ್ವಾ ದೊಡ್ಡಪ್ಪ?" ಎಂದು ಬರೆದಿದ್ದೆ. ಅದನ್ನು ಓದಿದ ಮೇಲೆ ನಿದ್ದೆ ಹತ್ತಲಿಲ್ಲ.

ಯಾಕೆಂದು ಹೇಳುತ್ತೇನೆ. ನಾನಿನ್ನೂ ಸೇನೆಯ ಯಂತ್ರ ದುರಸ್ತಿಯ ಇಎಂಇ ವಿಭಾಗದಲ್ಲಿದ್ದ ಕಾಲ. ರಜೆಗೆ ಊರಿಗೆ ಬಂದಿದ್ದಾಗ ಪಾಲಿಬೆಟ್ಟದ ಕಡೆ ಒಂದು ತೋಟದ ಬಂಗಲೆಯ ಹಳೆ ಸಾಮಾನು ಹರಾಜಿಗಿತ್ತು. ಕುರ್ಚಿ, ಮೇಜು, ಜಿಂಕೆ ಕೊಂಬು ಎಲ್ಲ ಹೋದ ಮೇಲೆ ಕೊನೆಗೆ ಒಂದು ಮರದ ಪೆಟ್ಟಿಗೆ ಉಳಿಯಿತು. ಒಳಗೆ ಗೇಣುದ್ದದ, ನೆಟ್ಟಗೆ ನಿಂತ ಬಾಯ್ಲರಿನ ಎಂಜಿನ್ ಇತ್ತು. ದೀಪವಿಲ್ಲ, ಸೀಟಿ ಇಲ್ಲ, ಮೈಯೆಲ್ಲ ಕಪ್ಪು. ಮನೆಗೆ ತಂದವನೇ ಹುಣಸೆಹಣ್ಣು, ಬೂದಿ ಹಾಕಿ ಅರ್ಧ ದಿನ ತಿಕ್ಕಿದೆ. ಸಂಜೆ ಹೊತ್ತಿಗೆ ದೇವರ ಮನೆಯ ದೀಪದಂತೆ ಹೊಳೆಯಿತು. ಆ ಹೊಳಪಿನ ಜೊತೆ ಬಾಯ್ಲರಿನ ಮೇಲಿದ್ದ ತಯಾರಕರ ಸಣ್ಣ ಗುರುತೂ ಅಳಿಸಿಹೋಗಿತ್ತು. ಜರ್ಮನಿಯ ನ್ಯೂರೆಂಬರ್ಗಿನ ಬಿಂಗ್ ಆಟಿಕೆ ಕಂಪನಿ 1930ರ ದಶಕದ ಆರಂಭದಲ್ಲೇ ಮುಚ್ಚಿತು, ಗೋಪಿಂಗೆನ್ನಿನ ಮಾರ್ಕ್ಲಿನ್ 1859ರಿಂದ ಇದೆ. ಅಂಥವರಲ್ಲಿ ಯಾರ ಕೈ ಅದನ್ನು ಮಾಡಿತು, ಯಾವ ಮಗು ಅದರೊಂದಿಗೆ ಹಡಗು ಹತ್ತಿ ಕೊಡಗಿಗೆ ಬಂದಿತು ಎಂದು ಹೇಳಬಲ್ಲ ಒಂದೇ ಒಂದು ಸಾಕ್ಷಿಯನ್ನು ನಾನೇ ನನ್ನ ಕೈಯಾರೆ ತಿಕ್ಕಿ ತೆಗೆದೆ. ಆ ಎಂಜಿನ್ ಈಗಲೂ ನನ್ನ ಬೀರುವಿನಲ್ಲಿದೆ. ನೋಡಿದಾಗಲೆಲ್ಲ ಮನಸ್ಸು ಚುರುಕ್ ಎನ್ನುತ್ತದೆ.

ಹುಣಸೆಯ ಹುಳಿ ಚೆಂಬಿಗೆ ಒಳ್ಳೆಯದು. ಹಳೆ ಆಟಿಕೆಗೆ ಅದು ಪಾಷಾಣ. ತಳದ ಬಣ್ಣ, ಅಂಟಿಸಿದ ಚಿತ್ರ, ನಿಕ್ಕಲ್ ಲೇಪ ಯಾವುದನ್ನೂ ಅದು ಬಿಡುವುದಿಲ್ಲ. ಉಗುರುಬೆಚ್ಚಗಿನ ನೀರು, ಒಂದು ಹನಿ ಸೋಪು, ಮೆತ್ತನೆಯ ಬ್ರಷ್ಷು, ಹಳೇ ಪಂಚೆಯ ತುಂಡು ಸಾಕು. ಹಸಿರು ಕಿಲುಬು ಗಟ್ಟಿಯಾಗಿ ಕೂತಿದ್ದರೆ ಬಿದಿರು ಕಡ್ಡಿ ಚೂಪು ಮಾಡಿಕೊಂಡು ನಿಧಾನವಾಗಿ ಎಬ್ಬಿಸು. ಕಂದು ಬಣ್ಣಕ್ಕೆ ತಿರುಗಿದ ಹಿತ್ತಾಳೆಯನ್ನು ಹಾಗೇ ಬಿಡು. ಐವತ್ತು ವರ್ಷ ತಾನಾಗಿ ಬಂದ ಬಣ್ಣ ಅದು. ತೆಗೆದರೆ ಮತ್ತೆ ಬರಲು ಇನ್ನೈವತ್ತು ವರ್ಷ ಬೇಕು.

ನಿನ್ನ ಕೈಗೆ ಬಂದಿರುವುದು ಮ್ಯಾಮೋಡ್. ಚಿಮಣಿ, ಬಾಯ್ಲರಿನ ತುದಿಯ ಮುಚ್ಚಳ, ಫ್ಲೈವೀಲಿನ ಅಡ್ಡಕಡ್ಡಿ ನೋಡಿದರೆ ಅನುಮಾನವೇ ಇಲ್ಲ. 1937ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜೆಫ್ರಿ ಮ್ಯಾಲಿನ್ಸ್ ಎಂಬವರು ಶುರು ಮಾಡಿದ ಕಾರ್ಖಾನೆ. ಅವರ ಮನೆತನದ ಹೆಸರಿನ ಮೊದಲ ಅಕ್ಷರಗಳನ್ನೂ 'ಮಾಡೆಲ್' ಎಂಬ ಪದವನ್ನೂ ಸೇರಿಸಿ ಮ್ಯಾಮೋಡ್ ಎಂದಾಯಿತು. ಜರ್ಮನಿಯ ಲೂಡನ್‌ಶೈಡ್ ಊರಿನ ವಿಲೆಸ್ಕೊ 1950ರಲ್ಲಿ ಇಂಥ ಎಂಜಿನ್ ಮಾಡತೊಡಗಿತು, ಇಂದಿಗೂ ಮಾಡುತ್ತಿದೆ. ಮುಂದೆ ನೀನು ಕೊಳ್ಳುವಾಗ ಹೆಚ್ಚಾಗಿ ಎದುರಾಗುವುದು ಈ ಎರಡೇ ಹೆಸರು. ಒಂದು ವಿಷಯ ನೆನಪಿರಲಿ. ಇಂಗ್ಲೆಂಡಿನದ್ದು ಇಂಚಿನ ಥ್ರೆಡ್, ಜರ್ಮನಿಯದ್ದು ಮಿಲಿಮೀಟರಿನ ಥ್ರೆಡ್. ಒಂದರ ಸೇಫ್ಟಿ ವಾಲ್ವನ್ನು ಇನ್ನೊಂದಕ್ಕೆ ಇಟ್ಟರೆ ಮೊದಲ ಸುತ್ತು ಸರಾಗವಾಗಿ ಹೋಗುತ್ತದೆ. ಹೋಯಿತಲ್ಲ ಎಂದು ಬಲ ಹಾಕಿದರೆ ಮೆತ್ತನೆ ಹಿತ್ತಾಳೆಯ ಥ್ರೆಡ್ ಹಾಳಾಗುತ್ತದೆ. ಅದನ್ನು ಸರಿ ಮಾಡುವುದು ಕಷ್ಟ.

ನಿನ್ನದರಲ್ಲಿ ದೀಪ ಕಾಣೆಯಾಗಿದೆ. ದೀಪ ಕೂರುವ ಜಾಗ ಸ್ಪಿರಿಟ್ ದೀಪದ ಅಳತೆಯದ್ದಾದರೆ ಎಂಜಿನ್ ಹಳೆಯದು. ಮಾತ್ರೆಯಂಥ ಗಟ್ಟಿ ಇಂಧನ ಇಡುವ ತಟ್ಟೆಯಾದರೆ 1970ರ ದಶಕದ ಉತ್ತರಾರ್ಧದ ಮೇಲಿನದು, ಆಗ ಕಂಪನಿ ಸ್ಪಿರಿಟ್ ಬಿಟ್ಟು ಮಾತ್ರೆಗೆ ಬದಲಾಯಿಸಿತು. ಆ ಮಾತ್ರೆ ನಮ್ಮ ಊರಿಗೆ ಹೊಸದೇನಲ್ಲ. ಅದೇ ಹೆಕ್ಸಮೈನ್. ಗಡಿ ಕಾವಲಿನಲ್ಲಿ ಮಡಚುವ ತಗಡಿನ ಒಲೆಯಲ್ಲಿಟ್ಟು ಚಹಾ ಕಾಯಿಸಿಕೊಂಡ ಹಳೆ ಸೈನಿಕರು ಕೊಡಗಿನ ಊರೂರಲ್ಲಿದ್ದಾರೆ, ಅವರನ್ನು ಕೇಳಿದರೆ ವಾಸನೆ ಸಮೇತ ವರ್ಣಿಸುತ್ತಾರೆ. ಆ ಹೊಗೆ ಒಳ್ಳೆಯದಲ್ಲ. ಕಿಟಕಿ ತೆರೆದೇ ಉರಿಸಬೇಕು.

ಇನ್ನು ನಾನು ಹೇಳಲೇಬೇಕಾದ ದೊಡ್ಡ ಮಾತಿಗೆ ಬರುತ್ತೇನೆ. ಬಾಯ್ಲರ್.

ನಮ್ಮ ದೇಶದಲ್ಲಿ 1923ರಿಂದ ಬಾಯ್ಲರ್ ಕಾಯ್ದೆ ಇದೆ, ಈಗ ಅದರ ಜಾಗಕ್ಕೆ 2025ರ ಕಾಯ್ದೆ ಬಂದಿದೆ. ಅಕ್ಕಿ ಗಿರಣಿಯ ಬಾಯ್ಲರಿಗೂ ಇನ್‌ಸ್ಪೆಕ್ಟರ್ ಬಂದು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡಬೇಕು. ಆದರೆ 25 ಲೀಟರಿಗಿಂತ ಕಡಿಮೆ ಹಿಡಿಯುವ ಪಾತ್ರೆಯನ್ನು ಕಾಯ್ದೆ ಬಾಯ್ಲರ್ ಎಂದೇ ಎಣಿಸುವುದಿಲ್ಲ. ನಿನ್ನದು ಒಂದು ಲೋಟ ನೀರೂ ಹಿಡಿಯದ್ದು. ಅಂದರೆ ಅದನ್ನು ನೋಡಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಆ ಕೆಲಸ ಪೂರ್ತಿ ನಿನ್ನದು, ನೀನು ಅದನ್ನು ಸರ್ಕಾರಿ ಅಧಿಕಾರಿಗಿಂತ ಕಟ್ಟುನಿಟ್ಟಾಗಿ ಮಾಡಬೇಕು. ನೀರು ಆವಿಯಾದರೆ ಸಾವಿರದ ಆರುನೂರು ಪಟ್ಟು ಜಾಗ ಕೇಳುತ್ತದೆ. ಆಟಿಕೆ ಎಂಬುದು ಹಬೆಗೆ ಗೊತ್ತಿಲ್ಲ.

ಮೊದಲು ಕಣ್ಣಿನ ಪರೀಕ್ಷೆ. ಬಾಯ್ಲರಿನ ಎರಡೂ ತುದಿಯ ಮುಚ್ಚಳ ಚಪ್ಪಟೆಯಾಗಿವೆಯೋ, ಹೊರಗೆ ಉಬ್ಬಿವೆಯೋ ನೋಡು. ಉಬ್ಬಿದ್ದರೆ ಯಾರೋ ಅಳತೆ ಮೀರಿ ಒತ್ತಡ ಏರಿಸಿದ್ದಾರೆ. ಅದಕ್ಕೆ ಇನ್ನು ಬೆಂಕಿ ಇಲ್ಲ, ಕಪಾಟಿನಲ್ಲಿಟ್ಟು ನೋಡಬೇಕಷ್ಟೆ. ಕೆಳಗಡೆ ಬಣ್ಣ ಸುಟ್ಟು ನೀಲಿಗಟ್ಟಿದ್ದರೆ ನೀರಿಲ್ಲದೆ ಉರಿಸಿದ್ದಾರೆ ಎಂದರ್ಥ. ಹಳೆ ಆಟಿಕೆಗಳಲ್ಲಿ ಹಲವಕ್ಕೆ ತವರ-ಸೀಸದ ಬೆಸುಗೆ, ಅದು ಸುಮಾರು 183 ಡಿಗ್ರಿಗೇ ಕರಗತೊಡಗುತ್ತದೆ. ಒಳಗೆ ನೀರಿರುವವರೆಗೆ ಹಿತ್ತಾಳೆ ಅಷ್ಟು ಕಾಯುವುದೇ ಇಲ್ಲ. ನೀರು ಮುಗಿದ ಮರುಕ್ಷಣ ಕಾಯುತ್ತದೆ. ಫಿಲ್ಲರಿನ ತೂತಿಗೆ ಟಾರ್ಚ್ ಬಿಟ್ಟು ಒಳಗೆ ನೋಡು, ಬಿಳಿ ಪದರ ಕಟ್ಟಿದೆಯೇ ಎಂದು. ಒಂದು ಆಯಸ್ಕಾಂತವನ್ನೂ ತಾಗಿಸಿ ನೋಡು. ಅಂಟಿದರೆ ಅದು ಹಿತ್ತಾಳೆ ಅಲ್ಲ, ಮೇಲೆ ಲೇಪ ಕೊಟ್ಟ ತಗಡು, ಒಳಗೆ ತುಕ್ಕು ತಿಂದಿರಬಹುದು.

ಬಿಂಗ್, ಮಾರ್ಕ್ಲಿನ್ ಕಾಲದ ಹಳೆಯ ಎಂಜಿನ್ ಮುಂದೆಂದಾದರೂ ಸಿಕ್ಕರೆ ಇನ್ನೊಂದು ಎಚ್ಚರ. ಬಾಯ್ಲರಿನ ಸುತ್ತ, ಕೀಲುಗಳಲ್ಲಿ, ದೀಪದ ಬತ್ತಿಯಲ್ಲಿ ಬೂದುಬಿಳಿ ನಾರು ಕಂಡರೆ ಅದು ಆಸ್ಬೆಸ್ಟಾಸ್ ಆಗಿರಬಹುದು. ಕೆರೆಯಬೇಡ, ಊದಬೇಡ. ನೀರು ಚಿಮುಕಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹಾಗೇ ಇಡು.

ಎರಡನೆಯದು ತಣ್ಣೀರ ಪರೀಕ್ಷೆ. ಬಾಯ್ಲರಿನಲ್ಲಿ ಒಂದು ಗುಳ್ಳೆ ಗಾಳಿಯೂ ಇಲ್ಲದಂತೆ ನೀರು ತುಂಬಿ, ಗೇಜು ಜೋಡಿಸಿ, ಸಿರಿಂಜಿನಿಂದ ಒತ್ತುತ್ತಾ ಕೆಲಸದ ಒತ್ತಡದ ಎರಡು ಪಟ್ಟಿಗೆ ಏರಿಸಿ ಹತ್ತು ನಿಮಿಷ ನಿಲ್ಲಿಸುವುದು. ನೀರು ಕುಗ್ಗುವ ವಸ್ತುವಲ್ಲ. ಬೆಸುಗೆ ಬಿಟ್ಟರೆ ಒಂದು ಹನಿ ಸುರಿದು ಒತ್ತಡ ಇಳಿದುಬಿಡುತ್ತದೆ, ಅಷ್ಟೇ, ಸಿಡಿಯುವುದಿಲ್ಲ. ಗಾಳಿ ತುಂಬಿ ಪರೀಕ್ಷೆ ಮಾಡು ಎಂದು ಯಾರಾದರೂ ಹೇಳಿದರೆ ಕೇಳಬೇಡ. ಅದುಮಿದ ಗಾಳಿ ಅದುಮಿದ ಸ್ಪ್ರಿಂಗಿನ ಹಾಗೆ. ಈ ಪರೀಕ್ಷೆಯನ್ನು ನೀನೊಬ್ಬನೇ ಮಾಡುವುದು ಬೇಡ, ಇಲ್ಲಿಗೆ ತಾ. ಗೇಜು ನನ್ನಲ್ಲಿದೆ.

ಮೂರನೆಯದು ಸೇಫ್ಟಿ ವಾಲ್ವ್. ನಿನ್ನ ಅಮ್ಮನ ಕುಕ್ಕರಿನ ಸೀಟಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಒತ್ತಡಕ್ಕೆ ಏಳುತ್ತದೆ. ಈ ಎಂಜಿನ್‌ಗಳ ವಾಲ್ವೂ ಹೆಚ್ಚುಕಡಿಮೆ ಅಲ್ಲೇ, ಒಂದರಿಂದ ಒಂದೂವರೆಯ ಒಳಗೆ. ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಗೇ ಕುದಿಯುತ್ತದೆ, ಸಮುದ್ರದಿಂದ ಅಷ್ಟು ಎತ್ತರ ನಮ್ಮದು. ಬಾಯ್ಲರಿನೊಳಗೆ ಒತ್ತಡ ಕೂತರೆ ಅದೇ ನೀರು 120ರ ಹತ್ತಿರ ಹೋಗುತ್ತದೆ. ಪ್ರತಿ ಸಲ ಬೆಂಕಿ ಹಚ್ಚುವ ಮೊದಲು ವಾಲ್ವಿನ ಕಡ್ಡಿಯನ್ನು ಎಳೆದು ಬಿಟ್ಟು ನೋಡು, ಟಕ್ಕನೆ ಹಿಂದಕ್ಕೆ ಕೂರಬೇಕು. ಅಂಟಿಕೊಂಡಿದ್ದರೆ ಆ ದಿನ ಬೆಂಕಿ ಇಲ್ಲ. ಹಬೆ ಸೋರುತ್ತದೆಂದು ಸ್ಪ್ರಿಂಗನ್ನು ಬಿಗಿ ಮಾಡುವವರನ್ನು ಕಂಡಿದ್ದೇನೆ. ಅಂಥವರ ಮೇಜಿನ ಪಕ್ಕ ನಿಲ್ಲಬೇಡ. ಸೋರಿದರೆ ಬದಲಾಯಿಸಬೇಕಾದದ್ದು ವಾಷರ್.

ಇಂಧನ ಮೊದಲು ಮುಗಿಯಬೇಕು, ನೀರು ಆಮೇಲೆ. ಇದೊಂದು ನಿಯಮ ಮನಸ್ಸಿನಲ್ಲಿ ಕೂತರೆ ನಿನ್ನ ಬಾಯ್ಲರ್ ನಿನ್ನ ಮಗನ ಕೈಗೂ ಹೋಗುತ್ತದೆ. ತಯಾರಕರು ದೀಪದ ಹೊಟ್ಟೆಯನ್ನು ಲೆಕ್ಕ ಹಾಕಿಯೇ ಮಾಡಿದ್ದರು. ಬಾಯ್ಲರ್ ಮುಕ್ಕಾಲು ತುಂಬಿ, ದೀಪ ತುಂಬಿ ಹಚ್ಚಿದರೆ ದೀಪ ಆರಿದಾಗಲೂ ಒಳಗೆ ಸ್ವಲ್ಪ ನೀರು ಉಳಿದಿರುತ್ತದೆ. ನಿನ್ನದಕ್ಕೆ ಮೂಲ ದೀಪ ಇಲ್ಲ, ಹೊಸದನ್ನು ಮಾಡಿಸಬೇಕು, ಹಾಗಾಗಿ ಆ ಲೆಕ್ಕ ನಿನ್ನ ಪಾಲಿಗೆ ಬಂದಿದೆ. ಸಿರಿಂಜಿನಲ್ಲಿ ಅಳೆದು ನೀರು ಹಾಕು, ಅಳೆದು ಸ್ಪಿರಿಟ್ ಹಾಕು. ಮೊದಲ ಸಲ ಬಹಳ ಕಡಿಮೆ ಸ್ಪಿರಿಟ್ ಹಾಕಿ ಉರಿಸಿ, ಆರಿದ ಮೇಲೆ ಎಷ್ಟು ನೀರು ಉಳಿಯಿತೆಂದು ಹೊರಗೆ ತೆಗೆದು ಅಳೆದು ನೋಡು. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಸಮೇತ ಬರೆ. ನಾಲ್ಕು ಸಲ ಮಾಡುವಷ್ಟರಲ್ಲಿ ನಿನ್ನ ಎಂಜಿನ್ನಿನ ಹಸಿವು ನಿನಗೆ ಗೊತ್ತಾಗಿರುತ್ತದೆ.

ಸ್ಪಿರಿಟ್ಟಿನ ಜ್ವಾಲೆ ಹಗಲು ಬೆಳಕಿನಲ್ಲಿ ಕಾಣುವುದಿಲ್ಲ. ಒಂದು ಸಲ, ದೀಪ ಆರಿದೆ ಎಂದುಕೊಂಡು ಬಿಸಿ ದೀಪಕ್ಕೆ ಮತ್ತೆ ಸ್ಪಿರಿಟ್ ಸುರಿದೆ. ಬೆಂಕಿ ಬಾಟಲಿಯ ಬಾಯಿಗೇ ಏರಿತು. ಎಡಗೈಯ ಹೆಬ್ಬೆರಳಿನ ಬುಡದ ಕಲೆಯನ್ನು ನೀನು ಚಿಕ್ಕಂದಿನಲ್ಲಿ ಮುಟ್ಟಿ ಮುಟ್ಟಿ ಕೇಳುತ್ತಿದ್ದೆಯಲ್ಲ, ಅದು ಯುದ್ಧದ ಗಾಯವಲ್ಲ, ಇದು. ದೀಪ ಪೂರ್ತಿ ತಣ್ಣಗಾಗಲಿ, ಇನ್ನೊಂದು ಕೋಣೆಗೆ ಒಯ್ದು ತುಂಬು, ಬಾಟಲಿಗೆ ಮುಚ್ಚಳ ಹಾಕಿ ಅಲ್ಲೇ ಬಿಟ್ಟು ಬಾ. ಎಂಜಿನ್ ಒಂದು ತಗಡಿನ ಟ್ರೇ ಮೇಲಿರಲಿ, ಪಕ್ಕದಲ್ಲಿ ಒದ್ದೆ ಗೋಣಿ ಇರಲಿ.

ನೀರಿಗೆ ನೀನು ಅಂಗಡಿ ಹುಡುಕಬೇಕಾಗಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿ ಇದೆ. ಕೊಳವೆಬಾವಿ ನೀರಿನ ಸುಣ್ಣ ಬಾಯ್ಲರಿನೊಳಗೆ ಪದರ ಕಟ್ಟುತ್ತದೆ, ಮಳೆ ನೀರಿನಲ್ಲಿ ಅದಿಲ್ಲ. ಮಳೆ ಹಿಡಿದ ಒಂದೆರಡು ಗಂಟೆ ಬಿಟ್ಟು, ಮಾಡಿನ ನೀರಲ್ಲ, ಅಂಗಳದ ನಡುವೆ ಸ್ಟೀಲ್ ಪಾತ್ರೆ ಇಟ್ಟು ಹಿಡಿದು, ಬಟ್ಟೆಯಲ್ಲಿ ಸೋಸಿ ಬಾಟಲಿಗೆ ತುಂಬಿಡುತ್ತೇನೆ. ಆಷಾಢದ ನೀರು ಬೇಸಿಗೆಯವರೆಗೂ ಸಾಕಾಗುತ್ತದೆ.

ಎಣ್ಣೆಯ ವಿಷಯದಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಹೊಲಿಗೆ ಯಂತ್ರದ ಎಣ್ಣೆ ಫ್ಲೈವೀಲಿನ ಬೇರಿಂಗಿಗೆ ಸರಿ. ಸಿಲಿಂಡರಿಗೆ ಅಲ್ಲ. ಬಿಸಿ ಹಬೆ ಅದನ್ನು ಕ್ಷಣದಲ್ಲಿ ತೊಳೆದುಬಿಡುತ್ತದೆ. ಅಲ್ಲಿಗೆ ಬೇಕಾದ್ದು ಸ್ಟೀಮ್ ಆಯಿಲ್, ಜೇನಿನಂತೆ ಮಂದ. ನಿನ್ನ ಎಂಜಿನ್ನಿನ ಸಿಲಿಂಡರ್ ತೊಟ್ಟಿಲಿನಂತೆ ತೂಗಾಡುವಂಥದ್ದು. ಅದರಲ್ಲಿ ಬೇರೆ ವಾಲ್ವೇ ಇಲ್ಲ. ಸಿಲಿಂಡರ್ ಆ ಕಡೆ ವಾಲಿದಾಗ ಅದರ ತೂತು ಹಬೆ ಬರುವ ತೂತಿಗೆ ಎದುರಾಗುತ್ತದೆ, ಈ ಕಡೆ ವಾಲಿದಾಗ ಹಬೆ ಹೋಗುವ ತೂತಿಗೆ. ನಡುವೆ ಇರುವುದು ಎರಡು ನುಣುಪು ಮುಖಗಳು, ಅವನ್ನು ಒತ್ತಿ ಹಿಡಿದ ಒಂದು ಸ್ಪ್ರಿಂಗ್. ಇಡೀ ಎಂಜಿನ್ನಿನ ಜೀವ ಆ ಎರಡು ಮುಖಗಳಲ್ಲಿದೆ. ಮರಳು ಕಾಗದ ಅದರ ಹತ್ತಿರ ಸುಳಿಯಬಾರದು. ಗೀರು ಬಿದ್ದು ಹಬೆ ಸೋರುತ್ತಿದ್ದರೆ ದಪ್ಪ ಗಾಜಿನ ಮೇಲೆ ಒಂದು ತೊಟ್ಟು ಬ್ರಾಸೊ ಹಾಕಿ, ಬೆರಳಿನ ಭಾರ ಮಾತ್ರ ಕೊಟ್ಟು ತಿರುಗಿಸುತ್ತಾ ಮಟ್ಟ ಮಾಡುವುದಿದೆ. ಬಾಯಲ್ಲಿ ಹೇಳಿದರೆ ಬರುವುದಿಲ್ಲ, ಜೊತೆಗೆ ಕೂತು ಕಲಿಸುತ್ತೇನೆ.

ಇಷ್ಟೆಲ್ಲ ಮಾಡಿ ಎಂಜಿನ್ ಓಡಿತು ಎಂದಿಟ್ಟುಕೋ. ಚಕ್ರ ಗಿರ್ರೆಂದು ತಿರುಗುತ್ತದೆ, ಬಿಸಿ ಎಣ್ಣೆಯ ವಾಸನೆ ಮೂಗಿಗೆ ಅಡರುತ್ತದೆ, ಸೀಟಿ ಹೊಡೆಯುತ್ತೀ. ಮೂರನೇ ದಿನಕ್ಕೆ ಬೇಸರ ಬರುತ್ತದೆ. ಆಗ ಜನ ಇನ್ನೊಂದು ಎಂಜಿನ್ ಕೊಳ್ಳುತ್ತಾರೆ. ಆಮೇಲೆ ಮತ್ತೊಂದು. ಹೀಗೆ ನಲವತ್ತು ಎಂಜಿನ್ ಕೂಡಿಹಾಕಿ ಒಂದಕ್ಕೂ ಬೆಂಕಿ ಹಚ್ಚದವರ ಮನೆಗೆ ಹೋಗಿ ಬಂದಿದ್ದೇನೆ. ಆ ಕಪಾಟಿನ ಮುಂದೆ ನಿಂತಾಗ ನನಗೆ ಅಳು ಬಂದಂತಾಯಿತು. ನಿನ್ನಿಂದ ನಾನು ಕೇಳುವುದು ಬೇರೆ. ಎರಡನೆಯದನ್ನು ಕೊಳ್ಳುವ ಮೊದಲು ಮೊದಲನೆಯದಕ್ಕೆ ಒಂದು ಕೆಲಸ ಕೊಡು.

ನಮ್ಮ ಜಿಲ್ಲೆಗೆ ಇಂದಿಗೂ ರೈಲು ಬಂದಿಲ್ಲ. ನಾನು ಹುಡುಗನಾಗಿದ್ದಾಗ ನೋಡಿದ ಮೊದಲ ಉಗಿ ಎಂಜಿನ್ ರಸ್ತೆಯ ಮೇಲಿನದು. ವಿರಾಜಪೇಟೆ ರಸ್ತೆಗೆ ಜಲ್ಲಿ ಹಾಸಲು ಬಂದ ಸ್ಟೀಮ್ ರೋಲರ್. ಇಂಗ್ಲೆಂಡಿನಿಂದ ಬಂದವು ಬಹಳ ಇದ್ದವು, ಟಾಟಾದವರ ಟೆಲ್ಕೊ ಕಂಪನಿ ಜಮ್‌ಶೇಡ್‌ಪುರದಲ್ಲಿ ತನ್ನ ಮೊದಮೊದಲ ವರ್ಷಗಳಲ್ಲೇ, 1940ರ ದಶಕದ ಕೊನೆಗೆ, ಅವನ್ನು ಇಲ್ಲೇ ಮಾಡಲು ಶುರು ಮಾಡಿತ್ತು. ಡ್ರೈವರ್ ತೋಡಿನಿಂದ ಬಕೆಟ್ಟಿನಲ್ಲಿ ನೀರು ಹೊಯ್ಯುತ್ತಿದ್ದ. ಶಾಲೆ ತಪ್ಪಿಸಿ ನಾಲ್ಕು ದಿನ ಅದರ ಹಿಂದೆ ನಡೆದೆ. ಅದು ನಿಂತು ಬುಸುಗುಡುತ್ತಿದ್ದಾಗ ನನಗೇನೂ ಅನ್ನಿಸಲಿಲ್ಲ. ಜಲ್ಲಿಯ ಮೇಲೆ ಹತ್ತಿ, ಕಲ್ಲು ಕರಕರ ಎನ್ನುತ್ತಾ ನೆಲದೊಳಗೆ ಇಳಿದು ಮಟ್ಟವಾದಾಗ ಮೈ ಜುಮ್ಮೆಂದಿತು. ಆ ಜುಮ್ಮೆನ್ನುವುದನ್ನು ಆಟಿಕೆಯಲ್ಲೂ ಪಡೆಯಬಹುದು, ಭಾರ ಹೊರಿಸಿದರೆ.

ನನ್ನ ಬೀರುವಿನ ಪಕ್ಕದ ಮೇಜಿನ ಮೇಲೆ ನನ್ನ ಇನ್ನೊಂದು ಎಂಜಿನ್ ತಿರುಗಿಸುವ ಪುಟ್ಟ ಪಲ್ಪರ್ ನೀನು ನೋಡಿದ್ದೀಯ. ಕಾಫಿ ತೋಟದಲ್ಲಿ ಹುಟ್ಟಿದವನಿಗೆ ಬೇರೆ ಯಾವ ಯಂತ್ರ ಮೊದಲು ಹೊಳೆಯುತ್ತದೆ ಹೇಳು? ದೊಡ್ಡ ಪಲ್ಪರಿನಲ್ಲಿ ಉಬ್ಬು ಉಬ್ಬಾಗಿ ಗುದ್ದಿದ ತಾಮ್ರದ ಹಾಳೆ ಸುತ್ತಿದ ಉರುಳೆ ಇರುತ್ತದೆ. ಹಣ್ಣು ಉರುಳೆಗೂ ಎದುರಿನ ತಡೆಗೂ ನಡುವೆ ಸಿಕ್ಕಿ, ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ. ನನ್ನದರ ಉರುಳೆ ಚನ್ನಪಟ್ಟಣದ ಆಟಿಕೆಯ ಮರ, ಆಲೆ ಮರ. ಅಲ್ಲಿಯ ಒಬ್ಬ ಕುಶಲಕರ್ಮಿಯ ಹತ್ತಿರ ಅಳತೆ ಕೊಟ್ಟು ಕಡೆಸಿದೆ, ನಾಲ್ಕು ರಾಟೆಗಳನ್ನೂ ಅವರೇ ಕಡೆದು ಕೊಟ್ಟರು. ಅದರ ಮೇಲೆ ತೆಳು ತಾಮ್ರದ ಹಾಳೆಯನ್ನು ಮೊಳೆಯಿಂದ ಚುಚ್ಚಿ ಚುಚ್ಚಿ ಉಬ್ಬು ಮಾಡಿ ಸುತ್ತಿದ್ದೇನೆ. ಕಾಫಿ ಹಣ್ಣು ಇದಕ್ಕೆ ತೀರ ದೊಡ್ಡದು. ಕೆಂಪಾದ ಕಾಳುಮೆಣಸನ್ನು ನೆನೆಸಿ ಒಂದೊಂದಾಗಿ ಹಾಕುತ್ತೇನೆ. ಸಿಪ್ಪೆ ಬಿಟ್ಟು ಬಿಳಿ ಕಾಳು ಕೆಳಗೆ ಉದುರುತ್ತದೆ. ಮೊದಲ ಕಾಳು ಉದುರಿದ ದಿನ ನಿನ್ನ ದೊಡ್ಡಮ್ಮ ಅದನ್ನು ಒಣಗಿಸಿ ಡಬ್ಬಿಯಲ್ಲಿಟ್ಟಳು, ಈಗಲೂ ಇದೆ.

ಚೌಕಟ್ಟು ಮಾತ್ರ ಮೆಕ್ಯಾನಿಕ್ಸ್ ಪಟ್ಟಿಗಳದ್ದು. ನೀನು ಮೂರನೇ ಕ್ಲಾಸಿನಲ್ಲಿ ಕ್ರೇನ್ ಮಾಡುತ್ತಿದ್ದ ಅದೇ ಪೆಟ್ಟಿಗೆ, ನಿನ್ನ ಅಪ್ಪ ಬಿಸಾಡದಂತೆ ನಾನೇ ಎತ್ತಿಟ್ಟಿದ್ದೆ. ಇಂಥ ತೂತು ಪಟ್ಟಿಗಳ ಮೂಲ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ. 1901ರಲ್ಲಿ ಪೇಟೆಂಟ್ ಪಡೆದ ಅವರ ಆಟಿಕೆ ಮುಂದೆ ಮೆಕ್ಯಾನೊ ಎಂದು ಹೆಸರಾಯಿತು. ಅದರಲ್ಲಿ ತೂತಿನಿಂದ ತೂತಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. 1929ರಲ್ಲಿ ಮೆಕ್ಯಾನೊದವರೇ ಒಂದು ಉಗಿ ಎಂಜಿನ್ ಹೊರತಂದರು, ಅದರ ಪಕ್ಕದ ತಗಡುಗಳಲ್ಲೇ ಪಟ್ಟಿ ಜೋಡಿಸಲು ಸಾಲಾಗಿ ತೂತುಗಳು. 1965ರ ಮೇಲೆ ಮ್ಯಾಮೋಡಿನವರು ಮೆಕ್ಯಾನೊ ಹೆಸರಿಗೆ ಇನ್ನೊಂದನ್ನು ಮಾಡಿಕೊಟ್ಟರು. ಎಂಜಿನ್ ಬೇರೆ, ಕಟ್ಟುವುದು ಬೇರೆ ಎಂದು ಆ ಕಾಲದವರು ಎಣಿಸಿರಲಿಲ್ಲ. ನಿನ್ನ ಎಂಜಿನ್ನಿನ ತಳದಲ್ಲಿರುವ ತೂತುಗಳಿಗೆ ನಮ್ಮ ಮೆಕ್ಯಾನಿಕ್ಸ್ ಪಟ್ಟಿ ಕೂರುತ್ತದೋ ಎಂದು ವರ್ನಿಯರ್ ಹಿಡಿದು ಅಳೆದು ನೋಡು. ಕೂರದಿದ್ದರೆ ಎಂಜಿನ್ನಿಗೆ ಹೊಸ ತೂತು ಕೊರೆಯಬೇಡ. ಎರಡನ್ನೂ ಒಂದು ಹಲಗೆಯ ಮೇಲೆ ಕೂರಿಸು, ಕೊರೆಯುವುದೇನಿದ್ದರೂ ಹಲಗೆಯನ್ನು ಕೊರೆ.

ಕೆಲಸ ಕೊಡುವಾಗ ಎಡವುವುದು ವೇಗದಲ್ಲಿ. ಈ ಎಂಜಿನ್‌ಗೆ ವೇಗ ಬಹಳ, ಬಲ ಕಡಿಮೆ. ಭಾರ ಇಟ್ಟರೆ ನಿಮಿಷಕ್ಕೆ 900 ಸುತ್ತು ತಿರುಗುತ್ತದೆ ಅಂದುಕೋ. ಪಲ್ಪರಿಗೆ ಬೇಕಾದ್ದು 50. ಅಂದರೆ 18 ಪಟ್ಟು ಇಳಿಸಬೇಕು. ಮೊದಲು 12 ಮಿಲಿಮೀಟರಿನ ಸಣ್ಣ ರಾಟೆಯಿಂದ 72 ಮಿಲಿಮೀಟರಿನ ದೊಡ್ಡ ರಾಟೆಗೆ ಬೆಲ್ಟ್ ಹಾಕಿದೆ, ಅಲ್ಲಿಗೆ 6 ಪಟ್ಟು ಇಳಿಯಿತು. ಆಮೇಲೆ 19 ಹಲ್ಲಿನ ಗೇರಿನಿಂದ 57 ಹಲ್ಲಿನ ಗೇರಿಗೆ, ಅದು 3 ಪಟ್ಟು. ವೇಗ ಇಳಿದಷ್ಟೂ ಬಲ ಏರುತ್ತದೆ. ನಿನ್ನ ಕಾಲೇಜಿನ ಪುಸ್ತಕದಲ್ಲಿ ಇದು ಒಂದು ಸಾಲಿನ ಸೂತ್ರ. ಬೆರಳಿನಿಂದ ಉರುಳೆಯನ್ನು ತಡೆಹಿಡಿದು, ಎಂಜಿನ್ ನಿಲ್ಲದೆ ನಿನ್ನ ಬೆರಳನ್ನೇ ದೂಡಿದಾಗ ಆ ಸೂತ್ರ ಜನ್ಮಕ್ಕೆ ಮರೆಯುವುದಿಲ್ಲ. ಬೆಲ್ಟಿಗೆ ರಬ್ಬರ್ ಬ್ಯಾಂಡ್ ಹಾಕಬೇಡ, ಬಿಸಿಗೆ ಅಂಟಂಟಾಗುತ್ತದೆ. ಹತ್ತಿಯ ದಾರ ಹೊಸೆದು ಮೇಣ ಸವರಿದರೆ ಚೆನ್ನ. ನಮ್ಮ ಮಳೆಗಾಲದಲ್ಲಿ ಅದರ ಬಿಗಿ ದಿನಕ್ಕೊಂದು ಥರ ಇರುತ್ತದೆ, ಅದಕ್ಕೆ ಎಂಜಿನ್ ಕೂತ ಹಲಗೆಗೆ ಹಿಂದೆ ಮುಂದೆ ಸರಿಯುವಂತೆ ಉದ್ದ ತೂತು ಮಾಡಿದ್ದೇನೆ.

ಮಳೆಗಾಲ ಎಂದಾಗ ನೆನಪಾಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಚರ್ಮದ ಬೆಲ್ಟಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು, ಉಕ್ಕಿಗೆ ತುಕ್ಕು. ಎಂಜಿನ್ ಓಡಿಸಿದ ಮೇಲೆ ಇನ್ನೂ ಬೆಚ್ಚಗಿರುವಾಗಲೇ ನೀರು ಬಸಿದು, ಮುಚ್ಚಳ ತೆರೆದಿಟ್ಟು ಒಣಗಿಸು. ಸಿಲಿಂಡರಿನ ಬಾಯಿಗೆ ಒಂದು ಹನಿ ಎಣ್ಣೆ ಬಿಟ್ಟು ಚಕ್ರ ನಾಲ್ಕು ಸುತ್ತು ತಿರುಗಿಸು. ಬೀರುವಿನಲ್ಲಿ ಹಳೇ ಕಾಲದ ತಂತಿಯ ಝೀರೋ ಬಲ್ಬು ಉರಿಯುತ್ತಿರಲಿ, ಅದರ ಕಾವಿಗೆ ತೇವ ನಿಲ್ಲುವುದಿಲ್ಲ. ಎಲ್‌ಇಡಿಯಿಂದ ಆ ಉಪಯೋಗ ಇಲ್ಲ. ಒಲೆಯ ಮೇಲಿನ ಅಟ್ಟ ಒಣಗಿರುತ್ತದೆಂದು ಅಲ್ಲಿಡಬೇಡ, ಸೌದೆ ಹೊಗೆಯ ಜಿಡ್ಡು ಹಿತ್ತಾಳೆಗೆ ಹಿಡಿದರೆ ಬಿಡಿಸುವುದು ಕಷ್ಟ. ಬದಲಾಯಿಸಿದ ಪ್ರತಿ ಹಳೆ ವಾಷರ್, ಸ್ಕ್ರೂ, ಸ್ಪ್ರಿಂಗ್ ಕವರಿನಲ್ಲಿ ಹಾಕಿ ಮೇಲೆ ತಾರೀಖು ಬರೆದು ಎಂಜಿನ್ನಿನ ಪೆಟ್ಟಿಗೆಯಲ್ಲೇ ಇಡು. ಅದೂ ಆ ಎಂಜಿನ್ನಿನದೇ.

ಆಟಿಕೆಯನ್ನು ಅರ್ಥ ಮಾಡಿಕೊಳ್ಳಲು ದೊಡ್ಡದನ್ನು ನೋಡಬೇಕು. ನೀನು ಓದುತ್ತಿರುವ ಮೈಸೂರಿನಲ್ಲೇ ರೈಲು ಮ್ಯೂಸಿಯಂ ಇದೆ, 1979ರದ್ದು. ಅಲ್ಲಿ ಉಗಿ ಎಂಜಿನ್‌ಗಳ ಪಕ್ಕಕ್ಕೇ ಹೋಗಿ ನಿಂತು ಪಿಸ್ಟನ್ ಸರಳು ಚಕ್ರಕ್ಕೆ ಹೇಗೆ ಸೇರುತ್ತದೆಂದು ಕೈಯಿಂದ ಮುಟ್ಟಿ ನೋಡಬಹುದು. ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನ ಎಂಜಿನ್ ಹಾಲ್‌ನಲ್ಲಿ ಅರ್ಧ ದಿನ ಕಳೆ. ಆದರೆ ಜೀವ ಇರುವ ಉಗಿಯನ್ನು ನೋಡಬೇಕಾದರೆ ಮೆಟ್ಟುಪಾಳ್ಯಂನಿಂದ ಕೂನೂರಿಗೆ ಹತ್ತುವ ನೀಲಗಿರಿ ರೈಲನ್ನೇ ಹತ್ತಬೇಕು. 1899ರಿಂದ ಓಡುತ್ತಿದೆ, ಹಲ್ಲುಹಳಿಯ ಮೇಲೆ 12 ಅಡಿಗೆ 1 ಅಡಿ ಏರು. ಅದರ ಎಕ್ಸ್ ಕ್ಲಾಸ್ ಎಂಜಿನ್ ಏರಿನಲ್ಲಿ ಒಮ್ಮೆ ಬಳಸಿದ ಹಬೆಯನ್ನೇ ಮತ್ತೊಂದು ಜೋಡಿ ಸಿಲಿಂಡರಿಗೆ ಬಿಟ್ಟು ಹಲ್ಲುಚಕ್ರ ತಿರುಗಿಸುತ್ತದೆ. ನಿನ್ನ ಮ್ಯಾಮೋಡ್ ಉಗುಳುವ ಹಬೆಯಲ್ಲಿ ಇನ್ನೂ ಎಷ್ಟು ಬಲ ಉಳಿದಿರುತ್ತದೆಂದು ಅದನ್ನು ನೋಡಿದ ಮೇಲೆ ಯೋಚಿಸು.

ನಿನ್ನ ತಂಗಿಯೂ ಒಂದು ಎಂಜಿನ್ ಬೇಕೆಂದು ಹಟ ಹಿಡಿದಿದ್ದಾಳಂತೆ. ಅವಳಿಗೆ ಜಾತ್ರೆಯ ಟಿನ್ ದೋಣಿ ತಂದುಕೊಡು, ಒಳಗೆ ಪುಟ್ಟ ಎಣ್ಣೆ ದೀಪ ಇಟ್ಟರೆ ಪಟಪಟ ಎನ್ನುತ್ತಾ ಬೋಗುಣಿಯಲ್ಲಿ ಸುತ್ತುತ್ತದಲ್ಲ, ಅದು. ಚಕ್ರವಿಲ್ಲ, ಪಿಸ್ಟನ್ ಇಲ್ಲ. ನೀರು ಹಬೆಯಾಗಿ ಹಿಂದಿನ ಕೊಳವೆಯಿಂದ ನೀರನ್ನು ತಳ್ಳುತ್ತದೆ, ಹಬೆ ತಣ್ಣಗಾದೊಡನೆ ನೀರು ಮತ್ತೆ ಒಳಗೆ ನುಗ್ಗುತ್ತದೆ. 1891ರಲ್ಲಿ ಥಾಮಸ್ ಪಿಯೊ ಎಂಬವರು ಇಂಗ್ಲೆಂಡಿನಲ್ಲಿ ಇಂಥದ್ದಕ್ಕೆ ಪೇಟೆಂಟ್ ಪಡೆದರು. ಅದರ ಕೊಳವೆ ಎರಡೂ ಕಡೆ ತೆರೆದಿರುವುದರಿಂದ ಒತ್ತಡ ಕೂಡಿಕೊಳ್ಳುವ ಭಯವಿಲ್ಲ. ಹಬೆ ಎಂದರೇನೆಂದು ಹತ್ತು ವರ್ಷದ ಮಗುವಿಗೆ ಅದಕ್ಕಿಂತ ಚೆನ್ನಾಗಿ ಹೇಳುವ ಮೇಷ್ಟ್ರನ್ನು ನಾನು ಕಂಡಿಲ್ಲ.

ಕೈಲ್ ಮುಹೂರ್ತದ ಹಬ್ಬಕ್ಕೆ ನೀವೆಲ್ಲ ಬರುತ್ತೀರೆಂದು ನಿನ್ನ ಅಪ್ಪ ಹೇಳಿದ. ಕೋವಿ, ಕತ್ತಿಗಳ ಪಕ್ಕ ನನ್ನ ಎರಡೂ ಎಂಜಿನ್‌ಗಳಿಗೆ ನಾನು ಪ್ರತಿ ವರ್ಷ ಹೂವಿಡುತ್ತೇನೆ. ಈ ವರ್ಷ ನಿನ್ನದೂ ಅಲ್ಲಿರಲಿ. ಊಟ ಮುಗಿದ ಮೇಲೆ ತಣ್ಣೀರ ಪರೀಕ್ಷೆ ಮಾಡೋಣ, ಪಾಸಾದರೆ ಮಾರನೆಯ ದಿನ ಬೆಂಕಿ. ದೀಪ ಮಾಡಲು ಹಿತ್ತಾಳೆಯ ತಗಡು ತಂದಿಟ್ಟಿದ್ದೇನೆ, ಅಳತೆಗೆ ನಿನ್ನ ಎಂಜಿನ್ ಬೇಕು. ಪಂಚೆ ಸುತ್ತಿ, ಚಿಮಣಿಗೆ ಭಾರ ಬೀಳದಂತೆ ರಟ್ಟಿನ ಪೆಟ್ಟಿಗೆಯಲ್ಲಿ ತಾ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಾ. ಸ್ಪಿರಿಟ್ ಮಾತ್ರ ತರಬೇಡ. ಬಸ್ಸಿನಲ್ಲಿ ಅದು ಇರಕೂಡದು, ಇಲ್ಲಿ ನನ್ನ ಹತ್ತಿರ ಬೇಕಾದಷ್ಟಿದೆ.